ಗಂಗೆಯಲ್ಲಿ ಬಿಟ್ಟ ಊರು

ಇಳಿಯಾಕಿಲ್ಲ ಅಂದ್ರೆ ಇಳಿಯಾಕಿಲ್ಲ, ಕಿವಿ ಕೇಳಾಕಿಲ್ವಾ ನಿಂಗೆ, ಅಂತಾಳೆ ನನ್ನ ಹೆಂಡತಿ, ಅದೂ ಮದ್ದೂರು ಸ್ಟೇಷನ್ನಿನಲ್ಲಿ, ಇಷ್ಟು ಜನರ ಮುಂದೆ, ವಡೆ ಮಾರುವವನು ಬುಟ್ಟಿಯನ್ನು ಕಿಟಕಿಗೆ ಆನಿಸಿಕೊಂಡು ನಮ್ಮಿಬ್ಬರ ಬಾಯನ್ನೇ ನೋಡುತ್ತಿದ್ದಾನೆ, ನಾನು ಒಂದು ಕಾಲು ರೈಲಿನ ಮೆಟ್ಟಿಲ ಮೇಲೆ ಇನ್ನೊಂದು ಕೆಳಗೆ ಇಟ್ಟುಕೊಂಡು, ಬೆನ್ನಿನ ಮೇಲೆ ಚೀಲ ಏರಿಸಿಕೊಂಡು, ಬಾಗಿಲ ಪಕ್ಕದಲ್ಲೇ ಕೂತಿರುವ ಅವಳನ್ನು, ಲೇ ನಂಜಿ, ಮಳವಳ್ಳಿ ಬಸ್ಸು ಓಯ್ತದೆ, ಎದ್ದು ಬಾ ಅಮ್ಮಿ, ಅಂತ ಮೊದಲು ಮೆತ್ತಗೇ ಕರೆದೆ, ಆಣೆ ಇಟ್ಟು ಹೇಳುತ್ತೇನೆ, ಮೆತ್ತಗೇ, ಆಮೇಲೆ ತಾನೆ ಗಂಟಲು ಏರಿದ್ದು — ಓದ್ರೆ ಓಗ್ಲಿ, ನೀನೂ ಓಗು, ನಾನು ಯಲಿಯೂರಲ್ಲಿ ಇಳ್ಕತೀನಿ, ಅಂದಳು, ಯಲಿಯೂರು ಅಂದರೆ ಅವಳ ತವರು, ಆ ಹೆಸರು ಕಿವಿಗೆ ಬಿದ್ದರೆ ಸಾಕು ನನಗೆ ನೆತ್ತಿ ಸುಡುತ್ತದೆ, ಯಲಿಯೂರು ಎಲ್ಲೈತೆ ನಿಂಗೆ, ಕಾಸೀಲಿ ಬುಟ್ಟು ಬಂದಿದ್ದೀಯಲ್ಲೇ ಅದ, ಗಂಗೆ ಮುಂದೆ, ಅಂದೆ, ಅವಳು ಕಿಟಕಿಯ ಸರಳು ಹಿಡಿದುಕೊಂಡೇ ತಿರುಗಿ, ಬುಟ್ಟೋರು ಯಾರು ಅಂತ ಆಮ್ಯಾಕೆ ಏಳ್ತೀನಿ, ಮೊದ್ಲು ಒಳಿಕ್ಕಾದ್ರೂ ಬಾ, ಒರಿಕ್ಕಾದ್ರೂ ಓಗು, ಬೇಲೀಲಿ ಸಿಕ್ಕಾಕೊಂಡಿರೋ ಕುರಿಯಂಗೆ ನಿಂತ್ಕಬ್ಯಾಡ, ಅಂದಳು, ವಡೆಯವನು ನಕ್ಕ, ನಗಬ್ಯಾಡ ಕಣ್ಲಾ, ವಡೆ ಮಾರು, ಅಂತ ಅವನಿಗೂ ಒಂದು ಬಿಟ್ಟೆ, ಅಷ್ಟರಲ್ಲಿ ಎಂಜಿನ್ನು ಕೂಗಿತು, ಕೆಳಗಿದ್ದ ಕಾಲು ತಾನಾಗಿ ಮೇಲೆ ಬಂತು, ಟಿಕೀಟು ಇರುವುದು ಮದ್ದೂರಿಗೆ, ಕೇಳುವವನು ಬಂದು ಕೇಳಲಿ, ಇವಳನ್ನು ಬಿಟ್ಟು ಇಳಿಯುವುದು ಹೇಗೆ, ಭೂತಾನದ ಬಾಗಿಲವರೆಗೆ ಜೊತೆಯಾಗಿ ಹೋಗಿ ಬಂದ ಗಂಡ ಹೆಂಡತಿ ಮದ್ದೂರಿನಲ್ಲಿ ಬೇರೆ ಬೇರೆ ಆದರು ಅಂದರೆ ನಮ್ಮ ಬಂಡೂರಿನ ಸುತ್ತಲ ಹಳ್ಳಿಗಳಿಗೆ ಒಂದು ವರ್ಷಕ್ಕಾಗುವಷ್ಟು ನಗು.

ಎದುರಿಗೆ ಕೂತಿದ್ದೇನೆ, ಅವಳ ಮುಖ ಕಿಟಕಿಗೆ, ಗಾಡಿ ತೊಟ್ಟಿಲ ಹಾಗೆ ತೂಗುತ್ತದೆ, ಸಿಟ್ಟು ಬಂದವನಿಗೂ ತೂಗಿದರೆ ಕಣ್ಣು ಮುಚ್ಚಿಕೊಂಡು ಬರುತ್ತದೆ, ಇದ್ದಿಲ ಪುಡಿ ರೆಪ್ಪೆಗೆ ಕೂರುತ್ತದೆ, ಹಳಿಯ ಎರಡೂ ಕಡೆ ಕಬ್ಬು ಹೂ ಬಿಟ್ಟಿದೆ, ಬೆಳ್ಳಗೆ, ದೀಪಾವಳಿ ಮುಗಿಸಿ ಹೊರಟಾಗ ಈ ಹೂ ಇರಲಿಲ್ಲ, ಈಗ ಬೆಳ್ಳಗಿನದು ಏನು ಕಂಡರೂ ಹಿಮ ಅಂತಲೇ ಅನ್ನಿಸುತ್ತದೆ, ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಸೀರೆ ಕೇಳಲಿಲ್ಲ, ಓಲೆ ಕೇಳಲಿಲ್ಲ, ಈ ರೈಲು ಎಲ್ಲೀಗಂಟ ಓಯ್ತದೆ, ಅಂತ ಕೇಳಿದಳು, ಹಳಿ ಪಕ್ಕದ ಗದ್ದೆಯಲ್ಲಿ ಕಳೆ ಕಿತ್ತು ಬೆಳೆದವಳು, ದಿನಾ ರೈಲು ಕಂಡವಳು, ಮಂಡ್ಯ ದಾಟಿ ಹೋದವಳಲ್ಲ, ಕಂಬಿ ಮುಗಿಯೋಗಂಟ ಕರ್ಕಂಡೋಯ್ತೀನಿ ಸುಮ್ಕಿರು, ಅಂದಿದ್ದೆ, ಅಂದವನು ಅರ್ಧ ಆಯಸ್ಸು ಕುರಿಗಳ ಬಾಲ ನೋಡಿಕೊಂಡು ಸಂತೆಯಿಂದ ಸಂತೆಗೆ ನಡೆದೆ, ಆದರೆ ಮಾತು ಉಳಿಸಿಕೊಂಡೆ, ಮಂದೆಯನ್ನು ಅಣ್ಣನ ಮಕ್ಕಳಿಗೆ ಒಪ್ಪಿಸಿ ಹೊರಟೆ, ನಮ್ಮ ಕಡೆ ಯಾವನು ಹಾಗೆ ಹೊರಟಿದ್ದಾನೆ, ಹೆಂಡತಿ ಕೇಳಿದಳು ಅಂತ, ಮದರಾಸು ದಾಟಿದ ಮೇಲೆ ನೀರಿನ ರುಚಿ ಬದಲಾಯಿತು, ಮಾತು ಬದಲಾಯಿತು, ಟೀ ಮಣ್ಣಿನ ಕುಡಿಕೆಗೆ ಇಳಿಯಿತು, ಕುರಿಗಳ ಕಿವಿ ಉದ್ದವಾಗುತ್ತ ಹೋಯಿತು, ಅವಳು ಕಿಟಕಿ ಬಿಟ್ಟು ಏಳಲಿಲ್ಲ, ನಿದ್ದೆಯಲ್ಲೂ ಸರಳು ಬಿಡಲಿಲ್ಲ, ಈಗಲೂ ಹಾಗೇ ಹಿಡಿದಿದ್ದಾಳೆ.

ಕಾಶಿಯ ಛತ್ರದಲ್ಲಿ ಬಿಳಿಯರ ಪೈಕಿ ಒಂದು ಗಂಡ ಹೆಂಡತಿ ಇದ್ದರು, ಹಿಪ್ಪಿಗಳು ಅಂತ ಛತ್ರದವನು ಮೂಗು ಮುರಿದ, ತಮ್ಮ ದೇಶದಿಂದ ಬಸ್ಸಿನಲ್ಲಿ, ಲಾರಿಯಲ್ಲಿ, ಕಾಲ್ನಡಿಗೆಯಲ್ಲಿ ಬಂದವರು, ಅವರ ಬೆನ್ನಿನ ಮೇಲೆ ಒಂದೊಂದು ಚೀಲ, ಚೀಲವೇನು, ಮನೆ, ಹಾಸಿಗೆ ಪಾತ್ರೆ ಎಲ್ಲ ಅದರಲ್ಲೇ, ನಾನು ತಗಡಿನ ಟ್ರಂಕನ್ನು ತಲೆಯ ಮೇಲೆ ಹೊತ್ತು ಕತ್ತು ಉಳುಕಿಸಿಕೊಂಡಿದ್ದೆ, ಆ ಹುಡುಗಿ ನಗುತ್ತ ಬಂದು ತನ್ನ ಚೀಲವನ್ನು ನಂಜಿಯ ಬೆನ್ನಿಗೇರಿಸಿ ಪಟ್ಟಿ ಬಿಗಿದಳು, ಇವಳು ಸೀರೆಯ ಮೇಲೆ ಅದನ್ನು ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ನಡೆದದ್ದೇ ನಡೆದದ್ದು, ಎರಡೂ ಕೈ ಬೀಸಿಕೊಂಡು, ಅಯ್ಯೋ, ಕೈ ಎಲ್ಡೂ ಖಾಲಿ ಕಣೋ, ನಂಗೂ ಇಂತಾದ್ದೊಂದು ಕೊಡ್ಸು, ಅಂದಳು, ಮಿಲಿಟ್ರಿಯವರು ಬಳಸಿ ಬಿಟ್ಟ ಚೀಲಗಳನ್ನು ಬೀದಿಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದರು, ಎರಡು ತಂದೆ, ಟ್ರಂಕು ಛತ್ರದವನಿಗೇ ಬಿಟ್ಟೆ, ಎಲ್ಲ ಚೆನ್ನಾಗಿತ್ತು, ಮಾರನೆಯ ಬೆಳಗ್ಗೆ ಆ ಬಿಳಿ ಗಂಡಸು ಟೀಯಲ್ಲಿ ಬೆರಳದ್ದಿ ನೆಲದ ಕಲ್ಲಿನ ಮೇಲೆ ತಾವು ಬಂದ ದಾರಿ ಬರೆದ, ತುರ್ಕಿ ಅಂದ, ಇರಾನು ಅಂದ, ಕಾಬೂಲು, ಲಾಹೋರು, ಕಾಶಿ, ಅಲ್ಲಿಗೆ ನಿಲ್ಲಿಸಿ ನಮ್ಮನ್ನು ನೋಡಿದ, ನಂಜಿ ತಾನೂ ಬೆರಳದ್ದಿದಳು, ಕಲ್ಲಿನ ತುದಿಯಲ್ಲಿ ಚುಕ್ಕಿ ಇಟ್ಟು, ಯಲಿಯೂರು, ಅಂದಳು, ಅಲ್ಲಿಂದ ಗೆರೆ ಎಳೆದು ಅವನ ಗೆರೆಗೆ ಕೂಡಿಸಿದಳು, ಯಾವನಿಗೆ ಸಿಟ್ಟು ಬರುವುದಿಲ್ಲ, ಒರಟಿದ್ದು ಮಳವಳ್ಳಿ ಕಡೆಯಿಂದ, ಕರ್ಕಂಡು ಬಂದೋನು ನಾನು, ನಮ್ಮೂರು ಎಲ್ಲೇ ಇದ್ರಲ್ಲಿ, ಅಂದೆ, ನಿಮ್ಮೂರಾಗೆ ರೈಲಿಲ್ವಲ್ಲ, ಅಂದಳು, ಅಂಗೇ ತಿರುಗಿ ಓಗೋವಾಗ ಯಲಿಯೂರಲ್ಲಿ ಇಳ್ಕಳಾನ, ನಮ್ಮ ಮಾದನ ಮಗಳ ಮದ್ವೆ ಸಂಕ್ರಾಂತಿ ಕಳುದ್ಮೇಲೆ, ಸೋದರತ್ತೆ ಇಲ್ದೆ ಎಂಗಾಯ್ತದೆ, ಅಂದಳು, ಟೀ ಗೆರೆ ಆರುತ್ತಿತ್ತು, ನನ್ನ ಬಾಯಿ ಆರಲಿಲ್ಲ.

ಮಾದ ಅಂದರೆ ಮಾದಯ್ಯ, ಅವಳ ತಮ್ಮ, ನನ್ನ ಬಾಮೈದ, ಅವನಿಗೆ ನಾನು ಒಂದು ಬಂಡೂರು ಟಗರು ಕೊಟ್ಟಿದ್ದೆ, ಕಾಲು ಗಿಡ್ಡ, ಬೆನ್ನು ಹಾಸುಗಲ್ಲು, ಹಿಂದಿನಿಂದ ನೋಡಿದರೆ ತಿರುಗಿಸಿಟ್ಟ ಲಾಳದ ಹಾಗೆ, ತಳಿಗೆ ಅಂತ ಕೊಟ್ಟದ್ದು, ನಿನ್ನ ಕುರಿಗಳ ಮೇಲೆ ಬಿಟ್ಟುಕೊಂಡು ವರ್ಷಕ್ಕೆ ವಾಪಸು ಕೊಡು ಅಂತ, ಹಬ್ಬಕ್ಕೆ ಬಾ ಬಾವ ಅಂತ ಕರೆದ, ಹೋದೆ, ಎಲೆ ಹಾಕಿ ಬಡಿಸಿದ, ತುಂಡು ಬಾಯಿಗಿಟ್ಟರೆ ಬೆಣ್ಣೆ, ಎಲ್ಲೀ ಮರೀಲಾ ಇದು, ಅಂದೆ, ಅವನು ಎದೆಯುಬ್ಬಿಸಿ, ನಿಂದೇ ಟಗರು ಬಾವ, ನೀನು ಬತ್ತೀಯ ಅಂತ ಊರಲ್ಲಿರೋ ಮಾಮೂಲಿ ಕುರಿ ಕುಯ್ಯಕ್ಕಾದದಾ, ಅಂದ, ಮರ್ಯಾದೆ ಮಾಡಿದನಂತೆ, ಹತ್ತು ಸಂತೆ ಸುತ್ತಿದರೂ ಸಿಗದ ತಳಿಯನ್ನು ಸಾರಿಗೆ ಹಾಕಿ ಮರ್ಯಾದೆ, ಎಲೆ ಎತ್ತಿ ಅಂಗಳಕ್ಕೆಸೆದು ಎದ್ದು ಬಂದವನು ಮತ್ತೆ ಆ ಊರಿಗೆ ಕಾಲಿಡಲಿಲ್ಲ, ಅವಳನ್ನೂ ಬಿಡಲಿಲ್ಲ, ಅವನ ಮಗಳು ಮೈನೆರೆದಾಗ ಆರತಿಗೆ ಕರೆಯಲು ಬಂದಿದ್ದ, ಬಾಗಿಲು ತೆಗೆಯಲಿಲ್ಲ, ಇವಳು ಒಲೆ ಮುಂದೆ ಕೂತಿದ್ದಳು, ಹೊಗೆಗೆ ಕಣ್ಣೊರೆಸಿಕೊಂಡಳು, ನಾನು ಹೊಗೆಗೆ ಅಂದುಕೊಂಡೆ, ಹೊಗೆಗೇ ಇರಬೇಕು.

ಆ ಸಿಟ್ಟಿನಲ್ಲೇ ಗಂಗೆಗೆ ಇಳಿದದ್ದು, ಮಂಜು, ದೋಣಿ ಕಾಣುವುದಿಲ್ಲ, ಹುಟ್ಟಿನ ಸದ್ದು ಮಾತ್ರ, ನಮ್ಮ ಮಾತು ಬಲ್ಲ ಪುರೋಹಿತರೊಬ್ಬರು ಸಿಕ್ಕಿದರು, ಕಾಶಿಗೆ ಬಂದವರು ಇಷ್ಟವಾದದ್ದು ಒಂದನ್ನು ಬಿಟ್ಟು ಹೋಗಬೇಕಲ್ಲ, ಏನು ಬಿಡ್ತೀರಿ ಯಜಮಾನರೆ, ಹಣ್ಣೋ ತರಕಾರಿಯೋ, ಅಂದರು, ಆಗಲಕಾಯಿ, ಅಂದೆ, ಅವರು ನಕ್ಕು, ಗಂಡಸರೆಲ್ಲ ಹಾಗಲಕಾಯಿಯನ್ನೇ ಬಿಡ್ತಾರಪ್ಪ, ಗಂಗೆ ಇಷ್ಟು ಹೊತ್ತಿಗೆ ಕಹಿಯಾಗಬೇಕಿತ್ತು, ಅಂದರು, ಹೆಂಡತಿ ತೋಳು ಮುಟ್ಟಿಕೊಂಡಿರಲಿ, ಯಜಮಾನ ನೀರು ಬಿಟ್ಟರೆ ಇಬ್ಬರೂ ಬಿಟ್ಟ ಹಾಗೆ, ಅಂದರು, ಅವಳ ಒದ್ದೆ ಬಳೆ ನನ್ನ ತೋಳಿಗೆ ತಣ್ಣಗೆ ತಾಗಿತ್ತು, ಬೊಗಸೆಯ ನೀರು ಬಿಟ್ಟೆ, ನಿಮ್ಮದೇನಮ್ಮ, ಅಂತ ಅವಳನ್ನು ಕೇಳಿದರು, ಅವಳು ಬಾಯಿ ತೆರೆಯುವಷ್ಟರಲ್ಲಿ ನಾನೇ ಮತ್ತೆ ನೀರು ತುಂಬಿಕೊಂಡು, ಯಲಿಯೂರು ಬುಟ್ಟವಳೆ ಅನ್ನಿ ಸ್ವಾಮಿ, ತವರು, ಅಂದೆ, ಊರು ಬಿಡುವ ವಾಡಿಕೆ ಇಲ್ಲವಲ್ಲ, ಅಂತ ಅವರು ತಡೆದರು, ನೀವು ಮಂತ್ರ ಏಳಿ, ಅಂದೆ, ಹೇಳಿದರು, ಬಿಟ್ಟೆ, ಬೆರಳ ಸಂದಿಯಲ್ಲಿ ಇಳಿದು ಹೋಯಿತು ಯಲಿಯೂರು, ಗದ್ದೆ, ಹಳಿ, ಬಾಮೈದ, ಎಲ್ಲ, ಅವಳು ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ, ಮುಳುಗೆದ್ದು ಕೂದಲು ಹಿಂಡಿಕೊಂಡು, ಇನ್ನೂ ಮುಂದಕ್ಕೆ ಓಗಾನ, ಕಂಬಿ ಎಲ್ಲಿ ಮುಗೀತದೆ, ಅಂದಳು.

ಕಂಬಿ ರಕ್ಸೌಲಿನಲ್ಲಿ ಮುಗಿಯಿತು, ಅಲ್ಲಿಂದ ನೇಪಾಳದ ಬಸ್ಸು, ಬೆಟ್ಟ ಏರಿ ಏರಿ ಮೋಡದೊಳಗೆ ಹೊಕ್ಕು, ಮೋಡ ಕಿಟಕಿಯಲ್ಲಿ ಬಂದು ಮಡಿಲಲ್ಲಿ ಕೂತು, ಒಂದು ತಿರುವಿನಲ್ಲಿ ಮೋಡ ಹರಿದರೆ ಅಲ್ಲಿ ಹಿಮ, ಆಕಾಶದ ಅಂಚಿಗೆಲ್ಲ ಕಬ್ಬು ಹೂ ಬಿಟ್ಟ ಹಾಗೆ, ಅವಳು ನನ್ನ ಕೈ ಹಿಡಿದುಕೊಂಡಳು, ಜನರೆದುರಿಗೆ, ಕಟ್ಮಂಡುವಿನಲ್ಲಿ ಗುಡಿಯ ಗೋಪುರಕ್ಕೆ ಕಣ್ಣು ಬರೆದಿದ್ದರು, ಹಿತ್ತಾಳೆಯ ಚಕ್ರಗಳನ್ನು ಸಾಲಾಗಿ ನಿಲ್ಲಿಸಿದ್ದರು, ರಾಗಿ ಕಲ್ಲು ಬೀಸಿದಂಗೆ ಅದೆ, ಅಂತ ಎಲ್ಲವನ್ನೂ ತಿರುಗಿಸಿ ಬಂದಳು, ಹಸಿರು ಮಣಿಸರ ಕೊಂಡಳು, ನಿನ್ನ ಕತ್ತಿಗೆ ಒಪ್ತದೆ ಅಂದೆ, ನಕ್ಕಳು, ಭೂತಾನದ ಗಡಿಯಲ್ಲಿ ನಿಂತು ಆಚೆಯ ಬೆಟ್ಟ ನೋಡಿ ನಕ್ಕಳು, ದಾರಿಯುದ್ದಕ್ಕೂ ನಕ್ಕಳು, ಹೊಸ ಹೆಣ್ಣಿನ ಹಾಗೆ, ಚೀಲ ಬೆನ್ನಿಗೇರಿಸಿ ಕೈ ಬೀಸಿ ಮುಂದೆ ಮುಂದೆ, ತವರು ಬಿಟ್ಟವಳು ಹೀಗೆ ನಗುತ್ತಾಳೆಯೇ ಅಂತ ನನಗೆ ಬೆರಗು, ಗಂಗೆಯ ಮಹಿಮೆ ಅಂದುಕೊಂಡೆ, ಒಳ್ಳೆಯದೇ ಆಯಿತು ಅಂದುಕೊಂಡೆ — ಮಂಡ್ಯ ಬಂತು, ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಡಬ್ಬಿಯೊಳಕ್ಕೆ ನುಗ್ಗಿತು, ಜನ ಇಳಿದರು, ಇಲ್ಲೂ ಬಸ್ಸು ಸಿಗ್ತದೆ ನಂಜಿ, ಇಳಿ, ಅಂದೆ, ನನ್ನ ದನಿ ನನಗೇ ಯಾರದೋ ಅನ್ನಿಸಿತು, ಅವಳು ಚೀಲದ ಬಾಯಿ ಬಿಚ್ಚಿ ಮಣಿಸರ ಮುಟ್ಟಿ ನೋಡಿ ಮತ್ತೆ ಬಿಗಿದಳು, ಮಾದನ ಮಗಳಿಗೆ, ಅಂದಳು.

ಗಾಡಿ ಬಿಟ್ಟ ಮೇಲೆ ಹೇಳಿದಳು, ಕಿಟಕಿಯ ಕಡೆಗೇ ನೋಡಿಕೊಂಡು, ಜಗಳದ ದನಿಯಲ್ಲಿ ಅಲ್ಲ, ಅದೇ ನನ್ನನ್ನು ಕೊಲ್ಲುವುದು, ಮನೆಯಲ್ಲಿ ಉಪ್ಪು ಮುಗಿದಿದೆ ಅನ್ನುವ ದನಿಯಲ್ಲಿ, ನೀನು ಎಲ್ಡ್ನೇ ಸಲ ನೀರು ಬುಡೋವಾಗ ನಾನು ನಿನ್ನ ತೋಳು ಮುಟ್ಟಿರ್ನಿಲ್ಲ, ಕೈ ಎತ್ಕಂಡಿದ್ದೆ, ಏಳಿದ್ದು ನಿನ್ನ ಬಾಯಿ, ನೀರು ಬುಟ್ಟಿದ್ದು ನಿನ್ನ ಕೈ, ಯಲಿಯೂರು ಬುಟ್ಟೋನು ನೀನು, ನಾನು ಏನೂ ಬುಟ್ಟಿಲ್ಲ, ಆಗಲಕಾಯಿ ಒಂದು ಓಯ್ತು, ಓಗ್ಲಿ, ಅಂದಳು, ಸುಳ್ಳು ಬೊಗಳ್ಬ್ಯಾಡ, ಅಂದೆ, ಅಂದವನು ತೋಳು ಮುಟ್ಟಿಕೊಂಡೆ, ಒದ್ದೆ ಬಳೆ ಇತ್ತೆ, ತಣ್ಣಗೆ ಇತ್ತೆ, ಮೊದಲನೆಯ ಬೊಗಸೆಗೆ ಇತ್ತು, ಎರಡನೆಯದಕ್ಕೆ — ಮಂಜು, ಹುಟ್ಟಿನ ಸದ್ದು, ಬರೀ ಗಾಳಿ ತೋಳಿನ ಮೇಲೆ, ಆ ಪುರೋಹಿತನಾದರೂ ನೋಡಬೇಕಿತ್ತು, ಅವನ ಕೆಲಸ ಅದು, ದುಡುಕಿದವನನ್ನು ಹಿಡಿದು ನಿಲ್ಲಿಸುವುದಕ್ಕಲ್ಲವೇ ಅಲ್ಲಿ ಕೂತಿರುವುದು, ಗಂಗೆಯಲ್ಲಿ ಬಿಟ್ಟದ್ದನ್ನು ಮತ್ತೆ ಮುಟ್ಟಿದರೆ ಏನಾಗುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದ, ಹೇಳುವಾಗ ಬೀಡಿ ಆರಿಸಿ ಹೇಳುತ್ತಿದ್ದ, ಯಲಿಯೂರು ಬಂತು, ಗಾಡಿ ನಿಧಾನವಾಯಿತು, ಅವಳು ಎದ್ದಳು, ಚೀಲ ಬೆನ್ನಿಗೇರಿಸಿದಳು, ಸೆರಗನ್ನು ಪಟ್ಟಿಯ ಅಡಿಯಿಂದ ಎಳೆದು ಸರಿ ಮಾಡಿಕೊಂಡಳು, ಇಳಿದಳು, ನಾನು ಬಾಗಿಲಿಗೆ ಬಂದೆ, ಕೆಳಗೆ ಜಲ್ಲಿಕಲ್ಲು, ಅವಳು ತಲೆಯೆತ್ತಿ, ಬಾ, ಕಾಲು ಮಡಗು, ಏನಾಯ್ತದೋ ನೋಡಾನ, ಅಂದಳು, ಕರೆದದ್ದೇ, ನಿಜವಾಗಿ ಕರೆದದ್ದು, ಕೈಯನ್ನೂ ಚಾಚಿದ್ದಳು, ನಾನು ಕಾಲು ಇಳಿಬಿಟ್ಟೆ, ಕಲ್ಲಿಗೂ ಹಿಮ್ಮಡಿಗೂ ನಡುವೆ ಒಂದು ಗೇಣು, ಆ ಗೇಣಿನಲ್ಲಿ ಗಂಗೆ ಹರಿಯುತ್ತಿತ್ತೋ, ಮಾದನ ಅಂಗಳಕ್ಕೆ ನಾನೆಸೆದ ಊಟದ ಎಲೆ ಕೊಳೆಯುತ್ತಿತ್ತೋ, ಯಾವುದು ಹಿಡಿಯಿತು ಅಂತ ಯಾರಾದರೂ ಹೇಳಲಿ, ನಾನು ಬುಟ್ಟೋನು ಅಂತ ನೀನೇ ಅಂದ್ಯಲ್ಲ, ಅಂದೆ, ಅವಳ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಇಳಿಯಿತು, ಸರಿ ಬುಡು, ಅಂದಳು, ತಿರುಗಿದಳು, ಹಳಿ ದಾಟಿದಳು, ಕಬ್ಬಿನ ನಡುವಿನ ಕಾಲುದಾರಿಗೆ ಒಂದು ಗರಿಯನ್ನು ಸರಿಸಿಕೊಂಡು ಹೊಕ್ಕಳು, ಗರಿ ಹಿಂದಿನಿಂದ ಮುಚ್ಚಿಕೊಂಡು ಅಲ್ಲಾಡಿತು, ಈಗ ತಿರುಗುತ್ತಾಳೆ, ಈಗ ಕೂಗುತ್ತಾಳೆ, ಗಾಡಿ ಹೊರಟಿತು, ಪಾಂಡವಪುರದಲ್ಲಿ ಇಳಿದು ಎದುರು ಗಾಡಿ ಹತ್ತಿ ಬಂದೆ, ಯಲಿಯೂರಿನಲ್ಲಿ ಬಾಗಿಲಲ್ಲಿ ನಿಂತೆ, ಯಾರೂ ಇಲ್ಲ, ಮದುವೆ ಮುಗಿಸಿ ಬರುತ್ತಾಳೆ ಅಂದುಕೊಂಡೆ, ಮದುವೆ ಆಯಿತಂತೆ, ಸೋದರತ್ತೆ ಓಡಾಡಿದಳಂತೆ, ಮಂಡ್ಯದ ಸಂತೆಗೆ ಬಂದವರು ಹೇಳಿದರು, ಅವಳು ಬರಲಿಲ್ಲ, ಆ ಕಬ್ಬು ಕಡಿದಿದ್ದಾರಂತೆ, ಗಾಣಕ್ಕೆ ಹೋಗಿ ಬೆಲ್ಲ ಆಗಿದೆಯಂತೆ, ಕಡಿದ ಬುಡದಿಂದ ಕೂಳೆ ಚಿಗುರಿ ಮತ್ತೆ ಆಳೆತ್ತರ ಬಂದಿದೆಯಂತೆ, ಇರಬಹುದು, ನನ್ನ ಕಾಲು ಇನ್ನೂ ಕಲ್ಲಿನಿಂದ ಒಂದು ಗೇಣು ಮೇಲೆ, ಕಣ್ಣು ಬಿಟ್ಟರೂ, ಮುಚ್ಚಿದರೂ, ಅವಳು ಸರಿಸಿದ ಆ ಒಂದು ಗರಿ, ಗಾಳಿಯಿಲ್ಲ, ಸುತ್ತಲಿನವೆಲ್ಲ ಸುಮ್ಮನಿವೆ, ಅದೊಂದು ಗರಿ ಅಲ್ಲಾಡುತ್ತಿದೆ, ಅದೊಂದು ಗರಿ