ಬ್ರೇಕಿನ ರಬ್ಬರ್

೨೦೧೯ರ ಮಾರ್ಚ್ ೧೬, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮಾಸ್ಟರ್ ಸಿಲಿಂಡರ್ ಕಡೆಗೂ ಕಾರಿನಿಂದ ಬಿಡಿಸಿಕೊಂಡು ಕಿರಿಮಗಳ ಕೈಗೆ ಬಂತು. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ನಾಲ್ಕೂ ಚಕ್ರಗಳಿಗೆ ದೂಡುವ, ಗೇಣುದ್ದದ ಎರಕದ ಕೊಳವೆ ಅದು. ಅದನ್ನು ಹಿಡಿದುಕೊಂಡಿದ್ದ ಎರಡು ಬೋಲ್ಟುಗಳು ಅವಳಿಗೆ ನೀರು ಕುಡಿಸಿಬಿಟ್ಟಿದ್ದವು. ಒಂದಕ್ಕೆ ತಪ್ಪು ಅಳತೆಯ ಸ್ಪ್ಯಾನರ್ ಹಾಕಿ ತಲೆಯನ್ನೇ ದುಂಡಗೆ ಸವೆಸಿದ್ದಳು. ಇನ್ನೊಂದು ಹಠಾತ್ತನೆ ಸಡಿಲವಾಗಿ ಗೆಣ್ಣಿನ ಚರ್ಮ ಕಿತ್ತುಕೊಂಡು ಹೋಗಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಅವಳು ಕಾರಿನ ಕೈಪಿಡಿಯನ್ನು ಅರೆದು ಕುಡಿದಿದ್ದಳು. ಆದರೆ ಓದಿದ್ದು ತಲೆಯಿಂದ ಇಳಿದು ಬೆರಳಿಗೆ ಬರಲು ಇನ್ನೂ ಸಮಯವಿತ್ತು.

ಕಾರು ಅಪ್ಪನದು. ಬೂದು ಬಣ್ಣ, ದುಂಡು ದೀಪಗಳು. ಮುಂಭಾಗದ ಒಂದು ಮಗ್ಗುಲು ಬಾಗಿಲವರೆಗೂ ಜಜ್ಜಿಹೋಗಿದೆ. ಇಪ್ಪತ್ತೆರಡು ವರ್ಷ ಅದು ಅಪ್ಪನ ಹೊಲಿಗೆ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಬೀಗದೊಳಗೆ, ಅದೇ ಜಜ್ಜಿದ ಮುಖ ಹೊತ್ತು ನಿಂತಿತ್ತು. ಹೋದ ವರ್ಷ ಅಪ್ಪ ತೀರಿಕೊಂಡಾಗ ಕಾರು ಕಿರಿಮಗಳಿಗೆ ಬಂತು. ಮಗ ಅದನ್ನು ಮುಟ್ಟಕೂಡದು ಎಂದು ಅಪ್ಪ ಕೊನೆಯವರೆಗೂ ಹೇಳುತ್ತಲೇ ಇದ್ದರು.

ಮಗ ಎಂದರೆ ಅವಳ ಅಣ್ಣ. ಅವನಿಗೆ ಇಪ್ಪತ್ನಾಲ್ಕಾಗಿದ್ದಾಗ, ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಈ ಕಾರನ್ನು ಕಲ್ಲಿನ ಗೋಡೆಗೆ ಗುದ್ದಿದ್ದ. ಪಕ್ಕದ ಸೀಟಿನಲ್ಲಿದ್ದ ಅಕ್ಕ ಅಲ್ಲೇ ಹೋಗಿಬಿಟ್ಟಳು. "ಪೆಡಲ್ ತಳ ಸೇರಿಬಿಡ್ತು ಅಪ್ಪಾ, ಬ್ರೇಕ್ ಹಿಡೀಲೇ ಇಲ್ಲ" ಎಂದು ಅಣ್ಣ ಆಸ್ಪತ್ರೆಯ ಮಂಚದ ಮೇಲೆ ಕೂತು ಅತ್ತಿದ್ದ. "ಕೆಟ್ಟಿರೋದು ನನ್ನ ಗಾಡಿ ಅಲ್ಲ, ನಿನ್ನ ತಲೆ" ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದರು. ಯಾರೂ ಬಾನೆಟ್ ಎತ್ತಿ ನೋಡಲಿಲ್ಲ. ಬೀದಿಯವರು ಅಣ್ಣನಿಗೆ 'ಬ್ರೇಕಿಲ್ಲದವನು' ಎಂದು ಹೆಸರಿಟ್ಟರು. ಅವನು ಮನೆ ಬಿಟ್ಟು, ಎರಡು ಬೀದಿ ಆಚೆ ಒಂದು ಕೋಣೆ ಹಿಡಿದು, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದ. ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ, ಬಸ್ಸನ್ನೂ ಹತ್ತಲಿಲ್ಲ. ಎಲ್ಲಿಗಾದರೂ ನಡೆದೇ ಹೋಗುತ್ತಿದ್ದ. ಅಪ್ಪ ತೀರಿಕೊಂಡ ದಿನವೂ ಗೇಟಿನಾಚೆಯೇ ನಿಂತಿದ್ದ. ಅಮ್ಮ ಒಳಗೆ ಬಾ ಎನ್ನಲಿಲ್ಲ.

ಕಾರು ಮತ್ತೆ ಓಡಬೇಕು ಎಂದಿದ್ದವಳು ಅಮ್ಮನೇ. "ಅವರ ಜೀವ ಅದರಲ್ಲೇ ಇತ್ತು" ಎಂದಿದ್ದಳು.

ಹೊಸ ರಬ್ಬರುಗಳ ಕಿಟ್ ತರಲು ಹೋದಾಗ ಬಿಡಿಭಾಗದ ಅಂಗಡಿಯ ಮುದುಕ ಕನ್ನಡಕ ಮೇಲೇರಿಸಿ ನಕ್ಕಿದ್ದ. "ಈ ಗಾಡಿಗೆ ಸಾಮಾನು ಕೇಳ್ಕೊಂಡು ಬರೋರು ನೀವೊಬ್ಬರೇ ಅಮ್ಮಾ. ನಾನೂ ಅದೇ ಮಾಡೆಲ್ಲು. ನನ್ನ ಮೊಣಕಾಲಿಗೂ ಎಲ್ಲಾದ್ರೂ ಕಿಟ್ ಸಿಕ್ಕರೆ ಹೇಳಿ."

ಅವಳು ಸಿಲಿಂಡರಿನ ಮೇಲಿನ ಡಬ್ಬಿಯ ಮುಚ್ಚಳ ತೆಗೆದು, ಒಳಗಿದ್ದುದನ್ನು ಗಾಜಿನ ಬೀಕರಿಗೆ ಬಗ್ಗಿಸಿದಳು. ಒಂದೇ ಬಗೆಯ ದ್ರವ ಬರಬೇಕಿತ್ತು. ತುಸು ಹೊತ್ತಿನಲ್ಲಿ ಬೀಕರಿನೊಳಗೆ ಎರಡು ಪದರಗಳು ಬೇರೆ ಬೇರೆಯಾಗಿ ನಿಂತವು: ಕೆಳಗೆ ಕಂದು, ಮೇಲೆ ತಿಳಿ ಹಳದಿ. ಅವಳು ಸ್ವಲ್ಪ ನೀರು ಸುರಿದು ಕಲಕಿದಳು. ಕೆಳಗಿನದು ನೀರಿನಲ್ಲಿ ಬೆರೆತುಹೋಯಿತು. ಬ್ರೇಕ್ ಆಯಿಲ್ ಬೆರೆಯುವುದೇ ಹಾಗೆ. ಮೇಲಿನದು ಬೆರೆಯದೆ ತೇಲಿತು. ಅದರ ಒಂದು ಹನಿಯನ್ನು ಬೆರಳಿಗೆ ತಾಗಿಸಿ ಮೂಸಿದಳು.

ಅಪ್ಪನ ಅಂಗಿಯ ತೋಳಿನ ವಾಸನೆ. ಹೊಲಿಗೆ ಮಿಷನ್ನಿನ ಎಣ್ಣೆ.

ಅಪ್ಪನಿಗೆ ಆ ಎಣ್ಣೆಯೊಂದೇ ಸರ್ವರೋಗಕ್ಕೂ ಮದ್ದು. ಅಂಗಡಿಯ ಮೂರು ಮಿಷನ್ನುಗಳು ಮೂವತ್ತು ವರ್ಷ ತಕರಾರಿಲ್ಲದೆ ನಡೆದದ್ದು ಅದರಿಂದ; ಹಾಗಾಗಿ ಬಾಗಿಲ ಕೀಲಿಗೂ ಅದೇ, ಫ್ಯಾನಿಗೂ ಅದೇ, ಗಡಿಯಾರಕ್ಕೂ ಅದೇ. ಕಾರಿನ ಎಣ್ಣೆಗಳನ್ನು ನೋಡಿದರೆ ಮೂಗು ಮುರಿಯುತ್ತಿದ್ದರು. ಎಲ್ಲಾ ಬಣ್ಣ ಹಾಕಿದ ನೀರು ಎನ್ನುತ್ತಿದ್ದರು.

ಪಿಸ್ಟನ್ ಕೊಳವೆಯೊಳಗೆ ಸಿಕ್ಕಿಕೊಂಡಿತ್ತು. ಅವಳು ಮರದ ಕಡ್ಡಿಯಿಂದ ಹಿಂದಿನಿಂದ ದೂಡಿದಳು. ಪಿಸ್ಟನ್ನಿನ ಜೊತೆ, ಆಯಿಲ್ ಹಿಂದಕ್ಕೆ ನುಸುಳದಂತೆ ತಡೆಯುವ ರಬ್ಬರ್ ಬಟ್ಟಲೂ ಈಚೆ ಬಂತು. ನೆನೆಹಾಕಿದ ಕಾಳಿನ ಹಾಗೆ ಉಬ್ಬಿ, ಹಿಡಿದರೆ ಕುಸಿಯುವಷ್ಟು ಮೆತ್ತಗಾಗಿತ್ತು. ಅದರ ಅಂಚು ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ಕಿಟ್ಟಿನ ಹೊಸ ಬಟ್ಟಲು ಕೊಳವೆಯೊಳಗೆ ಸಲೀಸಾಗಿ ಜಾರಿತು. ಹಳೆಯದು ಎಷ್ಟು ಒತ್ತಿದರೂ ವಾಪಸ್ಸು ಹೋಗಲಿಲ್ಲ.

ಅಮ್ಮ ಚಹಾ ಲೋಟ ಹಿಡಿದು ಬಂದಳು. "ಯಾಕೆ ಹಾಗೆ ಗರ ಬಡಿದವಳ ಥರ ಕೂತಿದ್ದೀಯ? ಏನಾದ್ರೂ ಮುರಿದು ಹಾಕಿದ್ಯಾ?"

"ಅಮ್ಮಾ, ಅಪ್ಪ ಬ್ರೇಕಿಗೆ ಯಾವ ಎಣ್ಣೆ ಹಾಕ್ತಿದ್ರು?"

"ಮಿಷನ್ ಎಣ್ಣೆ, ಇನ್ಯಾವುದು? ಬ್ರೇಕ್ ಆಯಿಲ್ ಖಾಲಿ ಆಗಿತ್ತು ಅಂತ, ಗಾಡಿ ಗುದ್ದೋಕೆ ಮೊದಲಿನ ವಾರ ಅದನ್ನೇ ತುಂಬಿದ್ರು. ಶೆಡ್ಡಲ್ಲಿ ಕತ್ತಲೆ ಅಂತ ನಾನೇ ಟಾರ್ಚ್ ಹಿಡಿದಿದ್ದೆ." ಹೆಮ್ಮೆಯಿಂದಲೇ ಶುರುವಾದ ಮಾತು ಮಗಳ ಮುಖ ನೋಡಿ ನಿಂತಿತು. "ಯಾಕೆ?"

"ಈ ರಬ್ಬರಿಗೆ ಅದು ಆಗಿ ಬರಲ್ಲ. ಉಬ್ಬುತ್ತೆ, ಮೆತ್ತಗಾಗುತ್ತೆ. ಜೋರಾಗಿ ತುಳಿದ್ರೆ ಮಡಚಿಕೊಳ್ಳುತ್ತೆ. ಆಗ ಪೆಡಲ್ ನೇರ ತಳಕ್ಕೆ ಹೋಗುತ್ತೆ." ಅವಳು ರಬ್ಬರನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ಅಣ್ಣ ಹೇಳಿದ್ದು ಅದನ್ನೇ."

ಅಮ್ಮ ಲೋಟವನ್ನು ಕಾರಿನ ಮೇಲಿಟ್ಟು ಮರದ ಪೆಟ್ಟಿಗೆಯ ಮೇಲೆ ಕುಕ್ಕರಿಸಿದಳು.

"ಬಿಸಾಕು ಅದನ್ನ."

"ಅಮ್ಮಾ..."

"ಬಿಸಾಕು ಅಂದೆ. ನನ್ನ ಗಾಡೀಲಿ ತಪ್ಪಿಲ್ಲ ಅಂತ ಅವರು ಅಂದ ಒಂದು ಮಾತು ಹಿಡ್ಕೊಂಡು ಹೆತ್ತ ಮಗನ್ನ ಹೊರಗಿಟ್ಟೆ. ಆ ಮಾತೂ ಸುಳ್ಳು ಅಂದ್ರೆ ನಾನು ಎಲ್ಲಿಗೆ ಹೋಗಲಿ? ಟಾರ್ಚ್ ಹಿಡಿದಿದ್ದು ನಾನು ಕಣೇ."

ಕಸದ ಡ್ರಮ್ಮು ಕೈಗೆಟಕುವಷ್ಟೇ ದೂರದಲ್ಲಿತ್ತು. ಅಂಗೈಯಲ್ಲಿದ್ದ ರಬ್ಬರನ್ನು ಎಸೆದರೆ ಅಮ್ಮನ ಉಳಿದ ದಿನಗಳು ಹೇಗೋ ಸಾಗುತ್ತವೆ. ಇಟ್ಟುಕೊಂಡರೆ ಅಣ್ಣ ತಲೆಯೆತ್ತಬಹುದು. ಇಬ್ಬರಿಗೂ ಆಗಿಬರುವ ದಾರಿ ಇದೆಯೇ ಎಂದು ಅವಳು ಹುಡುಕಿದಳು, ಸಿಗಲಿಲ್ಲ. ಕೈ ಒರೆಸಿಕೊಂಡು ಫೋನ್ ತೆಗೆದಳು.

"ಅಣ್ಣಾ, ಶೆಡ್ಡಿಗೆ ಬಾ."

"ಏನು ಮೇಡಂ, ಕಾರು ತಳ್ಳೋಕೆ ಆಳು ಬೇಕಾ? ನನ್ನ ಕೈಗೆ ಕೊಟ್ರೆ ಅದು ಸೀದಾ ಗೋಡೆಗೇ ಹೋಗೋದು, ಯೋಚ್ನೆ ಮಾಡು."

"ಬಾ ಅಂದೆ."

ಅವನು ನಡೆದೇ ಬಂದ. ಬೆರಳಸಂದಿಯಲ್ಲಿ ಗೋಂದು ಒಣಗಿತ್ತು, ತಲೆ ಆಗಲೇ ಅರ್ಧ ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತು, ಜಜ್ಜಿದ ಮಗ್ಗುಲನ್ನು ಕಂಡು ಕಣ್ಣು ತೆಗೆದ. ಅಮ್ಮ ನೆಲ ನೋಡುತ್ತಿದ್ದಳು. ಕಿರಿಮಗಳು ಬೀಕರನ್ನೂ ಎರಡು ಬಟ್ಟಲುಗಳನ್ನೂ ತೋರಿಸಿ, ತರಗತಿಯಲ್ಲಿ ಹೇಳುವ ಹಾಗೆ ಒಂದೊಂದಾಗಿ ಹೇಳಿದಳು. ಬೇರೆ ದನಿಯಲ್ಲಿ ಹೇಳಿದ್ದರೆ ಅತ್ತುಬಿಡುತ್ತಿದ್ದಳು.

ಅಣ್ಣನ ಮುಖದಲ್ಲಿ ಬಿಡುಗಡೆ ಕಾಣಲಿಲ್ಲ.

"ಇಪ್ಪತ್ತೆರಡು ವರ್ಷ ಎಣ್ಣೇಲಿ ಬಿದ್ದಿದೆ. ಆಮೇಲೆ ಉಬ್ಬಿರಬಹುದು."

"ಆಮೇಲೂ ಉಬ್ಬಿರಬಹುದು. ಆದ್ರೆ ನಿಂತ ಕಾರಲ್ಲಿ ಅಂಚು ಹೀಗೆ ಮಡಚಲ್ಲ ಅಣ್ಣ. ಯಾರೋ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಪೆಡಲ್ ತುಳಿದಿರಬೇಕು. ಕೊನೇಲಿ ತುಳಿದಿದ್ದು ನೀನು."

"ಇಲ್ಲ ಕಣೇ. ನನ್ನ ಕಾಲು ತಪ್ಪಿತ್ತು. ಬ್ರೇಕ್ ಅಂತ ಕ್ಲಚ್ ತುಳಿದಿದ್ದೆ."

"ಅವತ್ತು ನೀನು ಹಾಗೆ ಹೇಳಲೇ ಇಲ್ಲ!"

"ಅವತ್ತು ಹೇಳಲಿಲ್ಲ. ಆಮೇಲೆ ಎಲ್ಲರೂ ಅಂದು ಅಂದು ನಂಗೂ ಹಾಗೇ ನೆನಪಾಗೋಕೆ ಶುರುವಾಯ್ತು. ಈಗ ಕಣ್ಣು ಮುಚ್ಚಿದ್ರೆ ಕ್ಲಚ್ ಮೇಲೆ ಇರೋ ನನ್ನ ಚಪ್ಪಲೀನೇ ಕಾಣುತ್ತೆ." ಅವನು ನಗಲು ನೋಡಿದ. "ನಿನ್ನ ರಬ್ಬರ್ ಒಂದು ಹೇಳುತ್ತೆ, ನನ್ನ ತಲೆ ಒಂದು ಹೇಳುತ್ತೆ. ನಾನು ಯಾರನ್ನ ನಂಬಲಿ?"

ಬಾಗಿಲಲ್ಲಿದ್ದ ಅಣ್ಣ ಒಳಗೆ ಕಾಲಿಟ್ಟ. ಹಳೆಯ ಬಟ್ಟಲನ್ನು ಎತ್ತಿಕೊಂಡು ಮಡಚಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿದ.

"ಎಷ್ಟು ಉಬ್ಬಿದೆ? ಕಣ್ಣಳತೆ ಬೇಡ. ಕಣ್ಣಳತೆಯ ತೀರ್ಪು ಈ ಮನೇಲಿ ಒಂದು ಸಲ ಆಗಿದೆ."

ಅವಳು ಕಾಲೇಜಿನ ಚೀಲದಿಂದ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ವರ್ನಿಯರ್ ತೆಗೆದಳು. ಮೊದಲು ಹೊಸ ಬಟ್ಟಲನ್ನು ಅಳೆದಳು. ಹತ್ತೊಂಬತ್ತು ಪಾಯಿಂಟ್ ಒಂದು ಮಿಲಿಮೀಟರ್. ಆಮೇಲೆ ಹಳೆಯದರ ಮಡಚಿದ ಅಂಚನ್ನು ಬಿಡಿಸಿ, ಮೆತ್ತನೆಯ ರಬ್ಬರ್ ಒತ್ತಿಹೋಗದಂತೆ ವರ್ನಿಯರಿನ ಉಕ್ಕಿನ ದವಡೆಗಳು ಬರೀ ಸೋಕುವಷ್ಟು ಹತ್ತಿರ ತಂದಳು. ಬಿಟ್ಟು, ಬಟ್ಟಲನ್ನು ತುಸು ತಿರುಗಿಸಿ ಮತ್ತೆ ಹಿಡಿದಳು. ಅಂಕೆ ಬದಲಾಗಲಿಲ್ಲ. ಅದನ್ನು ಅಣ್ಣನಿಗೆ ತೋರಿಸಹೋದಳು.

"ಜೋರಾಗಿ ಓದು" ಎಂದಳು ಅಮ್ಮ, ತಲೆ ಎತ್ತದೆಯೇ. "ನಂಗೂ ಕೇಳಬೇಕು."

ಅವಳು ಓದಿದಳು. ಇಪ್ಪತ್ತೆರಡು ಪಾಯಿಂಟ್ ನಾಲ್ಕು ಮಿಲಿಮೀಟರ್.