ನಾಲ್ಕರ ಗಾಡಿ

ಸಾಂ ಮಾಲೋ ರೈಲು ನಿಲ್ದಾಣದ ಹೊರಬಾಗಿಲ ಹತ್ತಿರ ಬುತ್ತಿಚೀಲ ಹಿಡಿದು ನಿಂತ ಮರಿವೊನ್ ಹಿಂತಿರುಗಿ ನೋಡಿದರೆ ಗಂಡನೇ ಇಲ್ಲ. ಇಳಿದ ಜನವೆಲ್ಲ ಸಮುದ್ರದ ಕಡೆ ಹೊರಟಿದ್ದರೆ ಜೋಯೆಲ್ ಒಬ್ಬ ಮಾತ್ರ ಪ್ಲಾಟ್‌ಫಾರ್ಮಿನ ಆ ತುದಿಗೆ ಬಿರಬಿರನೆ ನಡೆಯುತ್ತಿದ್ದ. ಹಳಿ ಮುಗಿಯುವುದೇ ಇಲ್ಲಿ; ಗಾಡಿಯನ್ನು ರೆನ್ ನಗರಕ್ಕೆ ವಾಪಸು ಓಡಿಸುವವರು ಹಿಂದಿನ ತುದಿಯ ಚಾಲಕರ ಕೋಣೆಗೆ ಹೋಗಿ ಕೂರಬೇಕು. ಜೀವಮಾನವೆಲ್ಲ ಅವನು ಮಾಡಿದ್ದು ಅದನ್ನೇ. ಆದರೆ ನಿವೃತ್ತನಾಗಿ ಆಗಲೇ ತಿಂಗಳಾಗಿತ್ತಲ್ಲ!

ಕೋಣೆಯ ಬಾಗಿಲ ಹಿಡಿಗೆ ಕೈ ಹಾಕಿದ ಮೇಲೇ ಅವನಿಗೆ ಎಚ್ಚರವಾದದ್ದು. ಅವನ ಹಿಂದೆಯೇ ಬಂದ ಸೊಲೆನ್, ಆ ದಿನ ಗಾಡಿ ಓಡಿಸುತ್ತಿದ್ದವಳು, ನಿಂತಲ್ಲೇ ನಕ್ಕಳು.

"ಏನ್ ಜೋಯೆಲ್, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ಯಾ?"

"ಕಾಲು ತಾನಾಗೇ ಈ ಕಡೆ ಬಂತು ಕಣೇ."

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಸುಮ್ನೆ ಹೇಳ್ತಾರಾ? ಅಲ್ಲಿ ನೋಡು, ಮರಿವೊನ್ ಮುಖ ಸೊಟ್ಟ ಮಾಡ್ಕೊಂಡು ನಿಂತಿದ್ದಾಳೆ. ಓಡು, ಓಡು!"

ಮರಿವೊನ್‌ಗೆ ನಗುವೂ ಬಂತು, ಸಿಟ್ಟೂ ಬಂತು. ಪ್ರತಿ ಬೇಸಿಗೆಯಲ್ಲೂ ಅವಳದು ಒಂದೇ ಬೇಡಿಕೆ: "ಒಂದಿನ ಸಾಂ ಮಾಲೋಗೆ ಕರ್ಕೊಂಡು ಹೋಗು, ಸಂಜೆವರೆಗೂ ಇರೋಣ." ಅವನದೂ ಒಂದೇ ಉತ್ತರ: "ದಿನಾ ಹೋಗಿ ಬರ್ತೀನಿ, ಅಲ್ಲೇನಿದೆ ಮಣ್ಣು?" ಪುಣ್ಯಾತ್ಮ ಆ ನಿಲ್ದಾಣದ ಆಚೆ ಕಾಲಿಟ್ಟವನೇ ಅಲ್ಲ! ಈ ಸಲ ಹೇಗೋ ಹೊರಟಿದ್ದ. ಆದರೆ ದಾರಿಯುದ್ದಕ್ಕೂ ಅವನ ಪಾದ ಇಲ್ಲದ ಪೆಡಲೊಂದನ್ನು ಒತ್ತುತ್ತಲೇ ಇತ್ತು. ಚಾಲಕ ನಿದ್ದೆ ಹೋಗಿಲ್ಲ ಎಂದು ಗಾಡಿಗೆ ತಿಳಿಸುವ ಪೆಡಲು ಅದು. ನಡುವೆ ದೋಲ್ ನಿಲ್ದಾಣ ಬಂದಾಗ "ಇಷ್ಟು ಬೇಗ ಬ್ರೇಕ್ ಹಾಕ್ತಾರಾ ಯಾರಾದ್ರೂ?" ಎಂದು ಗೊಣಗಿದ. ಇಳಿಯುವ ಮೊದಲೇ "ನಾಲ್ಕರ ಗಾಡಿಗೆ ವಾಪಸ್ ಹೋಗೋಣ" ಅಂದ. ಇನ್ನುಳಿದ ಆಯುಷ್ಯವೂ ಹೀಗೇ, ತಲುಪಿದ ತಕ್ಷಣ ತಿರುಗುವುದರಲ್ಲೇ ಕಳೆದುಹೋಗುತ್ತದೇನೋ ಎಂದು ಅವಳಿಗೆ ನಿಜವಾಗಿಯೂ ಭಯವಾಯಿತು.

ಊರಿನ ಸುತ್ತಲಿನ ಕೋಟೆಗೋಡೆಯ ಮೇಲೆ ಒಂದು ಸುತ್ತು ಬಂದರು. ಅಷ್ಟರಲ್ಲೇ ಅವನು ನಾಲ್ಕಾರು ಸಲ ಗಡಿಯಾರ ನೋಡಿದ. ಮರಳಿಗೆ ಇಳಿದಾಗ ಸಮುದ್ರ ದೂರ ಸರಿದಿತ್ತು. ಎದುರಿನ ನಡುಗಡ್ಡೆಯವರೆಗೂ ಕಲ್ಲಿನ ದಾರಿ ಬರಿದಾಗಿ ಬಿದ್ದಿತ್ತು. ದಾರಿಯ ಬುಡದಲ್ಲಿ ನೀರೇರುವ ಹೊತ್ತು ಬರೆದ ಹಲಗೆ.

"ಏನಂತೆ, ಓದು," ಎಂದ ಜೋಯೆಲ್.

"ಮೂರಕ್ಕೆ ದಾರಿ ಮುಳುಗುತ್ತೆ. ಮತ್ತೆ ತೆರೆಯೋದು ಒಂಬತ್ತರ ಮೇಲೆ."

"ಸರಿ, ಮೂರಕ್ಕೆ ಮುಂಚೆ ಈ ಕಡೆ ಬಂದ್ಬಿಟ್ರೆ ಆಯ್ತು."

ನಡುಗಡ್ಡೆಯ ನೆತ್ತಿಯ ಹುಲ್ಲಿನ ಮೇಲೆ ಕೂತು ಬ್ರೆಡ್ಡಿಗೆ ಉಪ್ಪುಬೆಣ್ಣೆ ದಪ್ಪಗೆ ಬಳಿದುಕೊಂಡು ತಿಂದರು. ಸೇಬಿನ ಮದ್ಯ ಸೀದ್ರ್ ಎರಡು ಬಟ್ಟಲು ಒಳಗಿಳಿಯಿತು. ಮನೆಯಲ್ಲಿ ತಿಂಗಳಿಂದ ನಿದ್ದೆ ಬಾರದೆ ಹೊರಳಾಡುತ್ತಿದ್ದವನು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದೇ ತಡ, ಗೊರಕೆ ಶುರು.

ಜನ ಒಬ್ಬೊಬ್ಬರಾಗಿ ಕೆಳಗಿಳಿಯತೊಡಗಿದರು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕಿ ನಿಂತು ಕೂಗಿದಳು.

"ನೀರು ಬರ್ತಿದೆ ಕಣಮ್ಮಾ! ಎಬ್ಬಿಸು ನಿನ್ನ ಗಂಡನ್ನ!"

ಮರಿವೊನ್ ಅವನ ಭುಜದ ಮೇಲೆ ಕೈಯಿಟ್ಟಳು. ಅಲುಗಿಸಲಿಲ್ಲ.

"ಮಲಗಿರ್ಲಿ ಬಿಡಿ," ಅಂದಳು.

ಮುದುಕಿ ಇಬ್ಬರನ್ನೂ ನೋಡಿದಳು. "ಇಲ್ಲಿವರೆಗೂ ನೀರು ಬರಲ್ಲ, ಆದ್ರೆ ಗಾಳಿ ಏಳುತ್ತೆ, ಏನಾದ್ರೂ ಹೊದಿಸು," ಎಂದು ನಾಯಿಯನ್ನು ಎಳೆದುಕೊಂಡು ಇಳಿದುಹೋದಳು. ಮೊದಲ ಅಲೆ ದಾರಿಯ ಕಲ್ಲುಗಳ ಮೇಲೆ ಹಾಯ್ದಾಗ ಮರಿವೊನ್ ಕೂತಲ್ಲಿಂದಲೇ ನೋಡಿದಳು. ಏನನ್ನೋ ಕದ್ದ ಹುಡುಗಿಯ ಹಾಗೆ ಹೆದರಿಕೆ, ಅದಕ್ಕಿಂತ ಹೆಚ್ಚು ಸಂತೋಷ.

ಜೋಯೆಲ್ ಎದ್ದವನೇ ಗಡಿಯಾರ ನೋಡಿ ಕೆಳಗೆ ಓಡಿದ. ದಾರಿಯಿದ್ದ ಕಡೆ ಹಸಿರು ನೀರು. ಏದುಸಿರು ಬಿಡುತ್ತ ಮೇಲೆ ಬಂದ.

"ನಾಲ್ಕರ ಗಾಡಿ!"

"ಹೋಯ್ತು."

"ನೀನು ಎಚ್ಚರವಾಗಿದ್ದೆ ತಾನೇ? ಯಾಕೆ ಎಬ್ಬಿಸ್ಲಿಲ್ಲ?"

"ಬೇಕೂಂತ್ಲೇ ಎಬ್ಬಿಸ್ಲಿಲ್ಲ. ಎಬ್ಬಿಸಿದ್ರೆ ನೀನು ಹೊರಡ್ತಿದ್ದೆ."

ಅವನ ಮುಖ ಕೆಂಪಾಯಿತು. ಬಿರಬಿರನೆ ಹೋಗಿ ದೂರದ ಬಂಡೆಯೊಂದರ ಮೇಲೆ ಅವಳಿಗೆ ಬೆನ್ನು ಮಾಡಿ ಕೂತ. ನೀರು ನಡುಗಡ್ಡೆಯನ್ನು ಪೂರಾ ಸುತ್ತುವರಿಯಿತು. ಎದುರಿಗೆ ನಗರದ ಬೂದು ಗೋಡೆಗಳ ಮೇಲೆ ಇಳಿಬಿಸಿಲು ಬಿದ್ದು ಕಲ್ಲೆಲ್ಲ ಬೆಣ್ಣೆಯ ಬಣ್ಣಕ್ಕೆ ತಿರುಗಿತು. ಎಷ್ಟೋ ಹೊತ್ತಿನ ಮೇಲೆ ಅವನೇ ಎದ್ದು ಬಂದು ಪಕ್ಕದಲ್ಲಿ ಕೂತ.

"ಆ ಚೂಪು ಗೋಪುರ ಯಾವ್ದೇ?"

"ನನಗೇನು ಗೊತ್ತು?"

"ಗೊತ್ತಿಲ್ವಾ? ಬೇಸಿಗೆ ಬಂದ್ರೆ ನಿನ್ನ ತಂಗಿ ಮಕ್ಕಳನ್ನೆಲ್ಲ ಕರ್ಕೊಂಡು ಬರ್ತಿದ್ಳಲ್ಲ, ನೀನೂ ಬರ್ತಿರ್ಲಿಲ್ವಾ?"

"ಇಲ್ಲ. ನಾನೂ ಇವತ್ತೇ ಮೊದಲ್ನೇ ಸಲ ನೋಡ್ತಿರೋದು."

"ಇದೊಳ್ಳೆ ಕಥೆ! ರೈಲ್ವೆಯವನ ಹೆಂಡ್ತಿ ನೀನು, ಟಿಕೆಟ್ ಕೂಡ ಬೇಕಿರ್ಲಿಲ್ಲ. ಯಾವತ್ತು ಬೇಕಾದ್ರೂ ಬರಬಹುದಿತ್ತು."

"ಬರಬಹುದಿತ್ತು. ನೀನು ಕರ್ಕೊಂಡು ಬರ್ತೀಯ ಅಂತ ಕಾದೆ."

ಜೋಯೆಲ್ ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿದ. ಆಮೇಲೆ ಎದ್ದು ನಿಂತು ಕೈ ಚಾಚಿದ.

"ಏಳು. ಆ ಕಡೆಯಿಂದ ಹೇಗೆ ಕಾಣುತ್ತೋ ನೋಡೋಣ."

ಹುಲ್ಲಿನ ನಡುವಿನ ಕಾಲುದಾರಿ ಇಬ್ಬರಿಗೆ ಸಾಲದಷ್ಟು ಕಿರಿದಾಗಿತ್ತು. ಆದರೂ ಕೈ ಬಿಡದೆ, ಭುಜಕ್ಕೆ ಭುಜ ತಾಗಿಸಿಕೊಂಡು, ಒಂದು ಕಾಲು ದಾರಿಯ ಮೇಲೆ ಒಂದು ಕಾಲು ಹುಲ್ಲಿನ ಮೇಲೆ ಇಡುತ್ತ, ಅವರು ತೆರೆದ ಸಮುದ್ರದ ಬದಿಗೆ ನಿಧಾನವಾಗಿ ನಡೆದರು.