ಆಚೆ ದಡಕ್ಕೆ ಕೇಳಿಸುವಷ್ಟು

ಮೂಸ್ ಎಂಬ ಕುದುರೆಯಷ್ಟೆತ್ತರದ ಕಾಡುಜಿಂಕೆಯ ಬೇಟೆ ಶುರುವಾಗುವ ಮುಂಚಿನ ಭಾನುವಾರ ಅರ್ಮಾಸ್ ತನ್ನ ಜಲ್ಲಿಗುಂಡಿಯ ಅಂಚಿನಲ್ಲಿ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸರೋವರದ ಆಚೆ ದಡದಿಂದ ಒಂದು ಗುಂಡಿನ ಸದ್ದು ಬರಬೇಕಿತ್ತು. ಫ್ಲಾಸ್ಕಿನ ಕಾಫಿ ಮುಗಿಯಿತು, ಏಲಕ್ಕಿ ಬನ್ನು ಮುಗಿಯಿತು, ಕೂತ ಕಲ್ಲಿನ ತಣುಪು ಮೂಳೆಗಿಳಿಯಿತು. ಆಚೆಯಿಂದ ಪಿಟ್ ಅನ್ನಲಿಲ್ಲ.

ಬೇಟೆಗೆ ಮುಂಚೆ ಗುರಿ ಸರಿಯಿದೆಯೇ ಎಂದು ಒಂದೆರಡು ಗುಂಡು ಹೊಡೆದು ನೋಡಿಕೊಳ್ಳುವುದು ಆ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸವೇ. ಅರ್ಮಾಸ್ ಮತ್ತು ಆಚೆ ದಡದ ಕೌಕೊ ಮಾತ್ರ ಮೀಸೆ ಚಿಗುರಿದ ಕಾಲದಿಂದ ಅದನ್ನೊಂದು ಆಟ ಮಾಡಿಕೊಂಡಿದ್ದರು. ಕೌಕೊ ಅಲ್ಲಿಂದ ಒಂದು ಹೊಡೆಯಬೇಕು, ಅರ್ಮಾಸ್ ಇಲ್ಲಿಂದ ಒಂದು. ಇದ್ದೀಯೇನೋ? ಇದ್ದೀನಿ ಕಣೋ. ಅಷ್ಟೇ ಅದರ ಅರ್ಥ. ಆಮೇಲೆ ಇಬ್ಬರಲ್ಲಿ ಒಬ್ಬ ದೋಣಿ ಹತ್ತಿ ಇನ್ನೊಬ್ಬನ ಸೌನಾದ ಬಿಸಿಹಬೆಗೆ ಬರುತ್ತಿದ್ದ, ಬೆವರಿ ಬೆಂದು ಸಾಸೇಜು ಸುಟ್ಟು ತಿಂದು ಹೋಗುತ್ತಿದ್ದ.

ಅಂಥವರು ಎಣ್ಣೆ ಸೀಗೆಕಾಯಿ ಆದದ್ದು ಒಂದು ಗಂಡು ಮೂಸಿನಿಂದ. ಇಬ್ಬರ ಬೇಟೆ ತಂಡಗಳ ಗಡಿಯ ಹಳ್ಳದ ಹತ್ತಿರ ಕೌಕೊ ಅದಕ್ಕೆ ಹೊಡೆದ. ಅದು ಹಳ್ಳ ದಾಟಿತು, ಈಚೆ ಅರ್ಮಾಸ್ ಹೊಡೆದ, ಬಿತ್ತು. ಕೆಡವಿದ ಗುಂಡು ಯಾರದ್ದು, ಕೊಂಬು ಯಾರಿಗೆ? ಇಬ್ಬರೂ ಅರವತ್ತರ ಹತ್ತಿರದವರು, ನೋಡಿ, ಕೊಂಬಿಗೆ ಜಗಳ! ಹತ್ತು ಜನರ ಎದುರು ಅರ್ಮಾಸ್ "ಗುರಿ ಇಡೋಕೆ ಬರ್ದೋನು ಬಂದೂಕು ಯಾಕೆ ಹಿಡೀಬೇಕು" ಎಂದ. ಕೌಕೊ "ನಿನ್ ಮುಖ ನನಗಿನ್ನು ತೋರಿಸ್ಬೇಡ" ಎಂದ. ಅಲ್ಲಿಗೆ ಮಾತು ನಿಂತಿತು, ವರ್ಷಗಳು ಉರುಳಿದವು.

ಆದರೆ ಒಂದು ವಿಚಿತ್ರ. ಗುಂಡಿನ ಆಟ ನಿಲ್ಲಲಿಲ್ಲ. ಜಗಳದ ಮರುವರ್ಷವೇ, ಅದೇ ಭಾನುವಾರ, ಆಚೆ ದಡದಲ್ಲಿ ಢಮ್ ಎಂದಿತು. ಅರ್ಮಾಸ್ ಕೈಲಿದ್ದ ಕೊಡಲಿ ಬಿಸಾಕಿ ಬಂದೂಕಿಗೆ ಓಡಿದ್ದ. ಆಮೇಲಿಂದ ಪ್ರತಿ ಶರತ್ಕಾಲ ಕೌಕೊ ಹೊಡೆದ, ಅರ್ಮಾಸ್ ಉತ್ತರ ಕೊಟ್ಟ. ಅಂಗಡಿಯಲ್ಲಿ ಎದುರಾದರೆ ಮುಖ ತಿರುವುತ್ತಿದ್ದ ಇಬ್ಬರಿಗೆ ಅದೊಂದೇ ಮಾತುಕತೆ.

ಅರ್ಮಾಸನಿಗಂತೂ ಅದು ಬಿಟ್ಟರೆ ಬೇರೆ ಯಾರಿದ್ದರು? ಮರದ ಲಾರಿ ಓಡಿಸಿ ನಿವೃತ್ತನಾದವನು. ಮದುವೆ ಮಾತು ಒಂದೆರಡು ಸಲ ಬಂದು ಹಾಗೇ ಹೋಗಿತ್ತು. ಬೇಟೆ ತಂಡದಲ್ಲಿ ಈಗ ಎಲ್ಲ ಹೊಸ ಹುಡುಗರು, ಬೆಂಕಿಯ ಸುತ್ತ ಕೂತರೂ ಕಣ್ಣು ಫೋನಿನಲ್ಲಿ. ಶನಿವಾರ ಸೌನಾ ಕಾಯಿಸುತ್ತಿದ್ದ, ಒಬ್ಬನೇ ಕೂರುತ್ತಿದ್ದ, ಬಿಸಿಗಲ್ಲಿಗೆ ನೀರು ಹಾಕುವ ಮುಂಚೆ "ಹಾಕ್ಲಾ?" ಎಂದು ಕೇಳುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಆ ಭಾನುವಾರ ಕಾದು ಕಾದು, ಕೊನೆಗೆ ಮಾನ ಬದಿಗಿಟ್ಟು ತಾನೇ ಮೊದಲು ಹೊಡೆದ. ಸದ್ದು ನೀರಿನ ಮೇಲೆ ಉರುಳಿಕೊಂಡು ಹೋಗಿ ಬೆಟ್ಟಕ್ಕೆ ಬಡಿದು ವಾಪಸು ಬಂತು. ಉತ್ತರ ಬರಲಿಲ್ಲ. ಸತ್ತಿದ್ದರೆ ಪತ್ರಿಕೆಯಲ್ಲಿ ಬರುತ್ತಿತ್ತು. ಹಾಸಿಗೆ ಹಿಡಿದಿದ್ದಾನೋ? ಯಾರನ್ನಾದರೂ ಕೇಳೋಣವೆಂದರೆ, ಅರ್ಮಾಸ್ ಕೌಕೊನ ಸುದ್ದಿ ಕೇಳಿದನಂತೆ ಎಂದು ಸಂಜೆಯೊಳಗೆ ಊರೆಲ್ಲ ಡಂಗುರ. ಕೇಳಲಿಲ್ಲ. ಎರಡು ದಿನ ಊಟವೂ ಸರಿಯಾಗಿ ಸೇರಲಿಲ್ಲ.

ಇದರ ನಡುವೆ ಬೇಟೆ ತಂಡದ ಯಜಮಾನ ಫೋನ್ ಮಾಡಿ, ಈ ವರ್ಷದಿಂದ ಬಂದೂಕಿಗೆ ಸೈಲೆನ್ಸರ್ ಇಲ್ಲದೆ ಯಾರೂ ಕಾಡಿಗೆ ಕಾಲಿಡುವಂತಿಲ್ಲ ಎಂದ. ಉಳಿದವರೆಲ್ಲ ಎಂದೋ ಹಾಕಿಸಿದ್ದರು. ಬಾಕಿ ಇದ್ದವನು ಅರ್ಮಾಸ್ ಒಬ್ಬನೇ. ಗೊಣಗಿಕೊಂಡೇ ಬಂದೂಕು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೋದ.

ಅಲ್ಲಿ ಐಲಾಳ ಅಂಗಡಿ. ಬಂದೂಕು, ಬಲೆ, ಗಾಳ, ರಬ್ಬರ್ ಬೂಟು ಎಲ್ಲ ಒಂದೇ ಸೂರಿನಡಿ. ಐಲಾ ಐವತ್ತು ದಾಟಿದ ಹೆಂಗಸು, ಗಿರಾಕಿಗಳ ಕಾಲೆಳೆಯದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಓಹೋ, ಅರ್ಮಾಸಣ್ಣನ ಸವಾರಿ! ದಾರಿ ಗೀರಿ ತಪ್ತಾ?"

"ತಮಾಷೆ ಸಾಕು ತಾಯಿ. ಸೈಲೆನ್ಸರ್ ತೋರ್ಸು. ಸದ್ದಿಗೆ ನಾಯಿಗಳ ಕಿವಿ ಹಾಳಾಗುತ್ತಂತೆ."

"ನಾಯಿಗಳ್ದು ಸರಿ. ನಿನ್ ಕಿವಿ?"

"ಅದನ್ನ ಯಾರು ಕೇಳ್ತಾರೆ."

ಅವನು ಬಂದೂಕಿನ ಲೈಸೆನ್ಸು ತೋರಿಸಿದ. ಐಲಾ ಗಾಜಿನ ಕಪಾಟಿನಿಂದ ಕಪ್ಪು ಕೊಳವೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ನಿಲ್ಲಿಸಿದಳು.

"ಇದು ಉಕ್ಕಿಂದು. ಗಟ್ಟಿ, ಅಗ್ಗ, ಆದ್ರೆ ಭಾರ. ಬಂದೂಕಿನ ಮೂಗಿಗೆ ಕಲ್ಲು ಕಟ್ಟಿದ ಹಾಗಿರುತ್ತೆ, ಎತ್ತಿ ಹಿಡಿದ್ರೆ ಕೈ ನಡುಗುತ್ತೆ. ಇದು ಟೈಟಾನಿಯಂ, ಹೂವಿನ ಹಾಗೆ ಹಗುರ, ಬೆಲೆ ಮಾತ್ರ ಕೇಳ್ಬೇಡ. ಈ ದಪ್ಪಂದು ನೋಡು, ಅರ್ಧ ಭಾಗ ನಳಿಗೆ ಮೇಲೇ ಹಿಂದಕ್ಕೆ ಕೂರುತ್ತೆ. ಬಂದೂಕು ಉದ್ದ ಆಗಲ್ಲ, ಪೊದೇಲಿ ಸಿಕ್ಕಾಕೊಳ್ಳಲ್ಲ."

"ಯಾವುದಾದ್ರೂ ಆಗುತ್ತಾ ನನ್ದಕ್ಕೆ?"

"ಎಲ್ಲಾದ್ರೂ ಉಂಟಾ! ತೂತು ನಿನ್ ಗುಂಡಿಗೆ ಸರಿಯಾಗಿರ್ಬೇಕು. ಚಿಕ್ದಾಯ್ತೋ, ಮೊದಲನೇ ಏಟಿಗೇ ಸೈಲೆನ್ಸರೇ ಹಾರ್ಕೊಂಡು ಹೋಗುತ್ತೆ. ನಿನ್ನದು ಅಜ್ಜನ ಕಾಲದ ಬಂದೂಕು, ಬಾಯಿಗೆ ತಿರುಪು ಬೇರೆ ಇಲ್ಲ. ನಮ್ಮನೆಯವ್ರು ಕೊರೆದು ಕೊಡ್ತಾರೆ ಬಿಡು."

ಅರ್ಮಾಸ್ ದಪ್ಪ ಕೊಳವೆಯನ್ನು ಕೈಗೆತ್ತಿಕೊಂಡ. ತೂಗಿ ನೋಡಿದ, ಕಣ್ಣಿಗೆ ಹಿಡಿದು ಒಳಗೆ ಇಣುಕಿದ.

"ಇದನ್ನ ಹಾಕಿದ್ರೆ ಎಷ್ಟು ದೂರ ಕೇಳುತ್ತೆ?"

"ಪಕ್ಕದಲ್ಲಿದ್ದೋನಿಗೆ ಕೇಳುತ್ತೆ. ಪೂರ್ತಿ ಏನೂ ಮೂಕ ಆಗಲ್ಲ."

"ಅಲ್ಲ... ಈಗ ನಮ್ಮ ಕೆರೆ ಇದೆ ನೋಡು. ಆಚೆ ದಡಕ್ಕೆ?"

"ಆಚೆ ದಡಕ್ಕಾ? ಎಲ್ಲಿಯ ಮಾತು! ಬಾತುಕೋಳಿನೂ ತಲೆ ಎತ್ತಲ್ಲ."

ಅರ್ಮಾಸ್ ಅದನ್ನು ಮೆಲ್ಲಗೆ ವಾಪಸು ಇಟ್ಟ. ಆಮೇಲೆ ತಗ್ಗಿದ ದನಿಯಲ್ಲಿ, "ಸ್ವಲ್ಪ ಜಾಸ್ತಿ ಸದ್ದು ಬರೋದು ಯಾವ್ದಾದ್ರೂ ಇದ್ಯಾ?" ಎಂದ.

ಐಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಾರಾಯ! ಸದ್ದು ಮಾಡೋ ಸೈಲೆನ್ಸರ್ ಕೇಳ್ಕೊಂಡು ಬಂದೋನು ನೀನೇ ಮೊದಲು. ನಿಮ್ ಕೆರೆ ನೀರಲ್ಲೇ ಏನೋ ಇದೆ. ಆ ಕೌಕೊ ಬಂದಾಗ್ಲೂ ಹೀಗೇ, ಅರ್ಧ ದಿನ ನನ್ ತಲೆ ತಿಂದ."

"ಯಾರು? ಕೌಕೊನಾ? ಯಾವಾಗ?"

"ಸೈಲೆನ್ಸರ್ ತಗೊಂಡಿದ್ದು ವಸಂತದಲ್ಲಿ. ಮೊನ್ನೆನೂ ಬಂದಿದ್ದ, ಗುಂಡು ಬೇಕು ಅಂತ. ಈಗೀಗ ಮಾತಾಡಿದ್ರೆ ಅಂಗಡಿ ಗಾಜು ಅದುರುತ್ತೆ, ಅಷ್ಟು ಜೋರು. ಯಾರ್ ಮೇಲೆ ಸಿಟ್ಟೋ ಏನೋ."

ಮೊನ್ನೆ ಬಂದಿದ್ದ! ಬದುಕಿದ್ದಾನೆ, ಓಡಾಡಿಕೊಂಡಿದ್ದಾನೆ. ಅರ್ಮಾಸನಿಗೆ ಹೋದ ಜೀವ ಬಂದಂತಾಯಿತು. ಆದರೆ ಆ ನೆಮ್ಮದಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಹಾಗಾದರೆ ಬೇಕೆಂದೇ ಮಾಡಿದ್ದಾನೆ. ಉಳಿದಿದ್ದ ಒಂದು ಮಾತಿಗೂ ದುಡ್ಡು ಕೊಟ್ಟು ಬೀಗ ತಂದು ಜಡಿದಿದ್ದಾನೆ. ತಾನಿಲ್ಲಿ ಎರಡು ದಿನ ಅನ್ನ ಬಿಟ್ಟು ಕೊರಗಿದ್ದೇನೆ! ಅವನ ಮುಖ ಕೆಂಪಗಾಯಿತು.

"ಅವನು ಯಾವ್ದು ತಗೊಂಡ?"

"ಒಬ್ರ ವ್ಯಾಪಾರ ಇನ್ನೊಬ್ರಿಗೆ ಹೇಳಲ್ಲಪ್ಪ ನಾನು."

"ಬೇಡ ಬಿಡು. ಇರೋದ್ರಲ್ಲೆಲ್ಲ ಸದ್ದು ಕಮ್ಮಿ ಯಾವ್ದೋ ಅದನ್ನೇ ಕೊಡು. ಅವನದಕ್ಕಿಂತ ಕಮ್ಮಿ ಇರ್ಬೇಕು!"

"ಸೈಲೆನ್ಸರಲ್ಲೂ ಪೈಪೋಟಿನಾ ನಿಮ್ದು?" ಎಂದಳು ಐಲಾ. ಅವನು ನಗದ್ದು ನೋಡಿ ಸುಮ್ಮನೆ ಆ ದಪ್ಪ ಕೊಳವೆಯನ್ನೇ ಡಬ್ಬಿಗೆ ಹಾಕಿದಳು. ಬಂದೂಕನ್ನು ಒಳಗೆ ಗಂಡನ ಕೈಗೆ ಕೊಟ್ಟು, ಶುಕ್ರವಾರ ಬಂದು ಒಯ್ಯಲು ಹೇಳಿದಳು.

ಶುಕ್ರವಾರ ಅರ್ಮಾಸ್ ಬಂದೂಕು ತಂದವನೇ ನೇರ ಜಲ್ಲಿಗುಂಡಿಗೆ ಹೋದ. ಸೈಲೆನ್ಸರ್ ಕೂರಿಸಿದರೆ ಗುಂಡು ಬೀಳುವ ಜಾಗ ತುಸು ಆಚೀಚೆ ಆಗುತ್ತದೆ, ನೋಡಿಕೊಳ್ಳಲೇಬೇಕು. ತಿರುಪಿದ, ಬಿಗಿ ಮಾಡಿದ, ಮಲಗಿ ಗುರಿ ಹಿಡಿದು ಹೊಡೆದ.

ಫಟ್. ಹಲಗೆ ಮುರಿದ ಹಾಗೆ ಅಷ್ಟೇ. ಗುಂಡಿ ದಾಟಿ ಸದ್ದು ಹೋಗಲಿಲ್ಲ. ನೀರಿನ ಮೇಲೆ ಉರುಳಲಿಲ್ಲ, ಬೆಟ್ಟಕ್ಕೆ ಬಡಿದು ವಾಪಸು ಬರಲಿಲ್ಲ. ಪಕ್ಕದ ಬರ್ಚ್ ಮರದಲ್ಲಿ ಕೂತಿದ್ದ ಒಂದು ಚಿಕ್ಕ ಹಕ್ಕಿ ಕೂಡ ಹಾರಲಿಲ್ಲ. ಗುರಿಯಂತೂ ಬಂಗಾರದ ಹಾಗೆ ಸರಿಯಾಗಿತ್ತು.

ಅರ್ಮಾಸನಿಗೆ ಅಳು ಬಂತು. ಬಂತು ಅಂದರೆ ಬಂತು, ಅದರಲ್ಲಿ ಮುಚ್ಚಿಡುವುದೇನು? ಮರದ ಲಾರಿ ಓಡಿಸಿದವರಿಗೆ ಅಳು ಬರಬಾರದೆಂದು ಕಾನೂನಿಲ್ಲ. ಕೌಕೊ ಬಾಯಿ ಮುಚ್ಚಿಕೊಂಡ, ಸರಿ. ಆದರೆ ತಾನೂ ಹೋಗಿ ಕೈಯಾರೆ ದುಡ್ಡು ಸುರಿದು ಬಾಯಿ ಹೊಲಿಸಿಕೊಂಡು ಬಂದೆನಲ್ಲ. ಇನ್ನು ಮುಂದೆ ಯಾವ ಶರತ್ಕಾಲದಲ್ಲೂ ಆಚೆ ದಡದಿಂದ ಯಾರೂ ಇದ್ದೀಯೇನೋ ಎಂದು ಕೇಳುವುದಿಲ್ಲ. ತಾನು ಸತ್ತು ಬಿದ್ದರೆ ಅಂಚೆಯವನು ನೋಡಬೇಕು.

ಬಂದೂಕನ್ನು ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಮುಖ ತೊಳೆದ. ದೋಣಿ ನೀರಿಗೆ ತಳ್ಳಿದ.

ಗಾಳಿ ಇರಲಿಲ್ಲ. ಹಳದಿ ಎಲೆಗಳು ನೀರಿನ ಮೇಲೆ ತೇಲುತ್ತಿದ್ದವು. ಹುಟ್ಟು ಹಾಕುತ್ತ ಹಾಕುತ್ತ ಏನು ಹೇಳಬೇಕೆಂದು ಯೋಚಿಸಿದ, ಒಂದೂ ಹೊಳೆಯಲಿಲ್ಲ. ಆಚೆ ದಡ ಹತ್ತಿರವಾಯಿತು. ಕೌಕೊ ನೀರಿಗೆ ಚಾಚಿದ ಹಲಗೆಯ ಕಟ್ಟೆಯ ಮೇಲೆ ಅವನಿಗೆ ಬೆನ್ನು ಹಾಕಿ ಕೂತು ಬಲೆಯಿಂದ ಮೀನು ಬಿಡಿಸುತ್ತಿದ್ದ. ಬೆನ್ನು ಬಾಗಿತ್ತು, ಟೋಪಿಯ ಕೆಳಗಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಕೌಕೊ!" ಎಂದ ಅರ್ಮಾಸ್.

ಕೌಕೊ ತಿರುಗಲಿಲ್ಲ.

"ಏ ಕೌಕೊ, ನಾನು ಕಣೋ!"

ಬೆನ್ನು ಅಲುಗಲಿಲ್ಲ. ಅರ್ಮಾಸನ ಕಿವಿ ಬಿಸಿಯಾಯಿತು. ಇಷ್ಟು ದೂರ ಬಂದರೂ ಇಷ್ಟು ಸೊಕ್ಕೇ? ಸಾಕು, ಇದಕ್ಕಿಂತ ಅವಮಾನ ಬೇಕೇ? ಎಡಗಡೆಯ ಹುಟ್ಟನ್ನು ಒತ್ತಿ ಹಿಡಿದು ದೋಣಿ ತಿರುಗಿಸತೊಡಗಿದ.

ಆಗ ಕೌಕೊನ ನಾಯಿ ಅವನನ್ನು ಕಂಡಿತು. ಬೂದು ಬಣ್ಣದ, ಮೂಸ್ ಬೇಟೆಯ ನಾಯಿ. ಕಟ್ಟೆಯ ತುದಿಗೆ ಬಂದು, ಕೌಕೊನ ಬೆನ್ನ ಹಿಂದೆ ನಿಂತು ಗಂಟಲು ಹರಿಯುವಂತೆ ಬೊಗಳಿತು. ಕೌಕೊ ಮೀನು ಬಿಡಿಸುತ್ತಲೇ ಇದ್ದ.

ಅರ್ಮಾಸನ ಕೈ ನಿಂತಿತು. ಮನುಷ್ಯ ಕರೆದರೆ ತಿರುಗದವರು ಇರಬಹುದು. ತನ್ನ ನಾಯಿ ಬೊಗಳಿದಾಗ ತಲೆ ಎತ್ತದ ಬೇಟೆಗಾರನನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ನಿದ್ದೆಯಲ್ಲಿದ್ದರೂ ಎದ್ದು ಕೂರುವ ಜಾತಿ ಅದು. ಬೆನ್ನ ಹಿಂದೆಯೇ ನಾಯಿ ಅರಚಿಕೊಳ್ಳುತ್ತಿದೆ, ಇವನಿಗೆ ಅದರ ಪರಿವೆಯೇ ಇಲ್ಲ.

"ಅಯ್ಯೋ ದೇವರೇ," ಎಂದುಕೊಂಡ ಅರ್ಮಾಸ್. ದೋಣಿಯನ್ನು ನೇರ ಕಟ್ಟೆಗೆ ಗುದ್ದಿಸಿದ. ಹಲಗೆ ಅದುರಿದ್ದಕ್ಕೆ ಕೌಕೊ ಬೆಚ್ಚಿ ತಿರುಗಿದ. ಕೈಲಿದ್ದ ಮೀನು ಜಾರಿ ನೀರಿಗೆ ಬಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಬಾಯಿ ಬಿಟ್ಟವನು ಕೌಕೊ. ಐಲಾ ಹೇಳಿದ್ದು ಸುಳ್ಳಲ್ಲ, ಗಾಜು ಅದುರುವಷ್ಟು ಜೋರು. "ಏನೋ ಬಂದೆ? ಮೂಸ್ ಗೀಸ್ ಏನಾದ್ರೂ ಗಡಿ ದಾಟ್ತಾ?"

"ಭಾನುವಾರ ನೀನು ಹೊಡೀಲಿಲ್ಲ," ಎಂದ ಅರ್ಮಾಸ್.

"ಆಂ?"

"ಭಾನುವಾರ! ಗುಂಡು! ಹೊಡೀಲಿಲ್ಲ!"

ಕೌಕೊ ಅವನ ತುಟಿಯನ್ನೇ ನೋಡಿ ಅರ್ಥ ಮಾಡಿಕೊಂಡ. ಮುಖ ಗಂಟು ಹಾಕಿದ. "ಹೊಡ್ದೆ. ಈ ಹಾಳು ಸೈಲೆನ್ಸರ್ ಹಾಕೇ ಹೊಡ್ದೆ. ಕಿವಿ ನೋಡೋ ನರ್ಸಮ್ಮ ಬೈದ್ಲು, ಉಳಿದಿರೋದೂ ಹೋಗುತ್ತೆ ಅಂತ. ಅಲ್ಲ, ಕೇಳಿಸ್ಲಿಲ್ಲ ಅಂತ ನೀನು ಬಂದು ಕೇಳ್ತೀಯಾ? ನೀನು? ಉತ್ತರ ಕೊಡೋದು ಬಿಟ್ಟು ಎಷ್ಟು ವರ್ಷ ಆಯ್ತೋ ನಿಂಗೆ? ನಾನು ಹುಚ್ಚನ ಹಾಗೆ ವರ್ಷ ವರ್ಷ ಹೊಡೆದು, ಬಾಯಿ ಬಿಟ್ಕೊಂಡು ಕಾಯೋದು. ಕೊನೆಗೆ ಈ ವಸಂತದಲ್ಲಿ ಅಂದ್ಕೊಂಡೆ, ಇನ್ಯಾರಿಗೆ ಕೇಳಿಸ್ಬೇಕು ಇದು ಅಂತ."

ಅರ್ಮಾಸ್ ದೋಣಿಯಲ್ಲೇ ಎದ್ದು ನಿಂತ. ದೋಣಿ ಓಲಾಡಿತು. "ನಾನು ಬಿಡ್ಲಿಲ್ಲ! ಪ್ರತಿ ವರ್ಷ ಹೊಡ್ದೆ!"

"ಆಂ?"

"ಪ್ರತಿ ವರ್ಷ! ಒಂದ್ ವರ್ಷನೂ ತಪ್ಪಿಸ್ಲಿಲ್ಲ ಕಣೋ!"

ಕೌಕೊ ಇಲ್ಲವೆಂದು ತಲೆ ಆಡಿಸಿದ. "ಸುಳ್ಳು ಹೇಳ್ಬೇಡ. ಮಾತು ಕೇಳಲ್ಲ ನಿಜ. ಬಂದೂಕು ಕೇಳಿಸ್ದೆ ಇರುತ್ತಾ?"

ಅರ್ಮಾಸ್ ಇನ್ನೂ ಎಡೆಬಿಡದೆ ಬೊಗಳುತ್ತಿದ್ದ ನಾಯಿಯ ಕಡೆ ಬೆರಳು ತೋರಿಸಿದ. ಕೌಕೊ ತಿರುಗಿ ನೋಡಿದ. ನಾಯಿಯ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅವನು ಅದನ್ನು ತುಂಬ ಹೊತ್ತು ನೋಡಿದ. ಮೆಲ್ಲಗೆ ಕೈ ಚಾಚಿ ಅದರ ಗಂಟಲ ಮೇಲಿಟ್ಟ, ಒಂದೊಂದು ಬೊಗಳಿಕೆಯೂ ಅಂಗೈಗೆ ಬಡಿಯಿತು.

"ಪ್ರತಿ ವರ್ಷಾನಾ?" ಎಂದ. ಈ ಸಲ ದನಿ ಜೋರಿರಲಿಲ್ಲ.

ಅರ್ಮಾಸ್ ಹೌದೆಂದು ತಲೆಯಾಡಿಸಿದ. ಯಾರಿಗೂ, ಪಿಸುದನಿಯಲ್ಲಿ ಕೂಡ, ಎಂದೂ ಹೇಳದ ಮಾತೊಂದು ಬಾಯಿಗೆ ಬಂದಿತ್ತು. ಮೆಲ್ಲಗೆ ಹೇಳಿದರೆ ಉಪಯೋಗವಿಲ್ಲ. ಎರಡೂ ಕೈ ಬಾಯಿಗೆ ಹಿಡಿದು, ಕತ್ತಿನ ನರ ಉಬ್ಬುವಂತೆ ಕೂಗಿದ.

"ಒಬ್ನೇ ಇದ್ದೂ ಇದ್ದೂ ಸಾಕಾಗಿದೆ ಕಣೋ!"

ಕೂಗು ನೀರಿನ ಮೇಲೆ ಉರುಳಿಕೊಂಡು ಹೋಗಿ ಬೆಟ್ಟಕ್ಕೆ ಬಡಿಯಿತು. ದೂರದ ಯಾವುದೋ ಅಂಗಳದಲ್ಲಿ ಇನ್ನೊಂದು ನಾಯಿ ಬೊಗಳಿತು. ಯಾರದ್ದೋ ಮನೆಯ ಬಾಗಿಲು ತೆರೆದುಕೊಂಡಿತು.

"ಕೇಳಿಸ್ತು," ಎಂದ ಕೌಕೊ. ಮೂಗು ಒರೆಸಿಕೊಂಡು ಬಲೆಯನ್ನು ಬದಿಗೆ ಸರಿಸಿದ. ದೋಣಿ ಕಟ್ಟುವ ಹಗ್ಗಕ್ಕಾಗಿ ಕೈ ಚಾಚಿದ.